ಮನೆಯಲ್ಲೇ ಪಾಠ: ಮಳೆಗಾಲದಲ್ಲಿ ನಿಮ್ಮ ಮನೆಯ ದಿನ ಹೇಗೆ ಸಾಗುತ್ತದೆ?

ಮಾದಾಪುರ ಕಡೆಯ ತಾಯಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ಕೊಡಗಿನ ಮಾದಾಪುರದಿಂದ ಒಳಗೆ, ಒಂದು ಕಾಫಿ ತೋಟದ ಕ್ವಾರ್ಟರ್ಸಿನಲ್ಲಿ. ನಮ್ಮ ಯಜಮಾನರು ತೋಟದ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು. ಮಗಳಿಗೆ ಎಂಟು ವರ್ಷ, ಮಗನಿಗೆ ಐದು. ಮಗಳು ಎರಡನೇ ತರಗತಿ ಮುಗಿಸುವವರೆಗೆ ಶಾಲೆಗೆ ಹೋದಳು. ಶಾಲೆಯ ಬಸ್ಸು ಕೈಮರದವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಮನೆಗೆ ಎರಡೂವರೆ ಕಿಲೋಮೀಟರ್ ತೋಟದ ದಾರಿ. ಹೋದ ಡಿಸೆಂಬರಿನಲ್ಲಿ ಒಂದು ಸಂಜೆ ಅಪ್ಪ, ಮಗಳು ಬೈಕಿನಲ್ಲಿ ಬರುವಾಗ ತಿರುವಿನಲ್ಲಿ ಮೂರು ಆನೆಗಳು ನಿಂತಿದ್ದವು. ಬೈಕನ್ನು ಅಲ್ಲೇ ಬಿಟ್ಟು ಇಬ್ಬರೂ ಕಾರ್ಮಿಕರ ಸಾಲುಮನೆಯಾದ ಲೈನ್ ಮನೆಗೆ ಓಡಿ ಜೀವ ಉಳಿಸಿಕೊಂಡರು. ಅಂದಿನಿಂದ ಮಗಳು ಬೆಳಗ್ಗೆ ಬ್ಯಾಗ್ ಹಾಕಿಕೊಳ್ಳುವಾಗಲೇ ಹೊಟ್ಟೆ ನೋವು ಎನ್ನತೊಡಗಿದಳು. ಬಹಳ ಯೋಚಿಸಿ ಈ ಜೂನ್‌ನಿಂದ ಮನೆಯಲ್ಲೇ ಕಲಿಸುತ್ತಿದ್ದೇವೆ.

ನಾನು ಬಿ.ಕಾಂ. ಓದಿದವಳು, ಶಿಕ್ಷಕಿಯಲ್ಲ. ಶುರು ಮಾಡುವ ಮುನ್ನ ಚಾರ್ಟ್ ಹಾಳೆಯಲ್ಲಿ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಒಂಬತ್ತಕ್ಕೆ ಪ್ರಾರ್ಥನೆ, ಆಮೇಲೆ ಗಣಿತ, ಕನ್ನಡ, ಪರಿಸರ, ಇಂಗ್ಲಿಷ್, ಮೂರೂವರೆಗೆ ಮುಕ್ತಾಯ. ಅದು ನಡೆದದ್ದು ಹನ್ನೊಂದು ದಿನ. ಈಗ ಜುಲೈ ಮೂರನೇ ವಾರ. ನಾಲ್ಕು ದಿನದಿಂದ ಕರೆಂಟ್ ಇಲ್ಲ, ಬಟ್ಟೆ ಒಣಗುತ್ತಿಲ್ಲ, ಚಿಕ್ಕವನಿಗೆ ನೆಗಡಿ. ನಿನ್ನೆ ಕಳೆಯುವ ಲೆಕ್ಕ ಹೇಳಿಕೊಡುತ್ತಾ ನಾನು ಗದರಿದೆ, ಅವಳು ಅತ್ತಳು, ಅವಳನ್ನು ನೋಡಿ ನಾನೂ ಅತ್ತೆ. ಅತ್ತೆಯವರು ಏನೂ ಹೇಳಲಿಲ್ಲ. ಆದರೆ ಮದುವೆ ಮನೆಗಳಲ್ಲಿ "ಮಗಳು ಯಾವ ಶಾಲೆ?" ಎಂದು ಯಾರಾದರೂ ಕೇಳಿದಾಗ ಅವರು ಮುಖ ತಿರುಗಿಸುವುದನ್ನು ನೋಡಿದ್ದೇನೆ.

ದಯವಿಟ್ಟು ತಿಳಿದವರು ಹೇಳಿ. ನಿಮ್ಮ ಮನೆಯಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ನಿಜವಾಗಿ ಏನು ನಡೆಯುತ್ತದೆ? ದಿನಕ್ಕೆ ಎಷ್ಟು ಗಂಟೆ ಕೂರಿಸುತ್ತೀರಿ? ಮಳೆಗಾಲವನ್ನು ಹೇಗೆ ದಾಟುತ್ತೀರಿ?

ಭಾಗಮಂಡಲ ಹತ್ತಿರದ ಅಮ್ಮ

ನಿಮ್ಮ ಪತ್ರ ಓದಿ ನನ್ನ ಮೊದಲ ವರ್ಷ ಕಣ್ಣ ಮುಂದೆ ಬಂತು. ನಮಗೆ ಇದು ಐದನೇ ವರ್ಷ. ದೊಡ್ಡವಳಿಗೆ ಹನ್ನೊಂದು, ಚಿಕ್ಕವನಿಗೆ ಏಳು. ಐದು ಎಕರೆ ರೋಬಸ್ಟಾ ಕಾಫಿ, ಅದರ ನೆರಳಿನ ಮರಗಳಿಗೆ ಹಬ್ಬಿದ ಕರಿಮೆಣಸು, ಎರಡು ಹಸು, ಮನೆಯಲ್ಲಿ ಮಾವನವರು. ಆಡುವ ಮಾತು ಅರೆಭಾಷೆ, ಓದುವುದು ಕನ್ನಡ.

ಮೊದಲು ಆ ಚಾರ್ಟನ್ನು ಗೋಡೆಯಿಂದ ತೆಗೆಯಿರಿ. ಕೋಪದಿಂದ ಹರಿಯಬೇಡಿ, ಮಗಳ ಕೈಯಲ್ಲೇ ತೆಗೆಸಿ, ಹಿಂಬದಿಯಲ್ಲಿ ಚಿತ್ರ ಬರೆಯಲು ಕೊಡಿ. ನಾನೂ ಏಳು ಪಿರಿಯಡ್‌ಗಳ ಪಟ್ಟಿ ಮಾಡಿದ್ದೆ. ನಲವತ್ತು ಮಕ್ಕಳಿರುವ ಕಡೆ ಗಂಟೆ ಬಾರಿಸಬೇಕಾಗುತ್ತದೆ. ಎರಡು ಮಕ್ಕಳಿರುವ ಮನೆಯಲ್ಲಿ ಒಂದು ಲೆಕ್ಕ ಅರ್ಥವಾಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೊಡಬಹುದು. ಇದು ನನ್ನ ತಲೆಗೆ ಹೋಗಿದ್ದು ಆ ವರ್ಷ ಆಗಸ್ಟಿನಲ್ಲಿ. ಸಂಗಮದಲ್ಲಿ ನೀರು ಏರಿ ರಸ್ತೆ ಮುಚ್ಚಿತು, ಒಂಬತ್ತು ದಿನ ಕರೆಂಟ್ ಇರಲಿಲ್ಲ. ಮೊಬೈಲ್ ವಿಡಿಯೊಗಳನ್ನು ನೆಚ್ಚಿಕೊಂಡು ನಾನು ಮಾಡಿದ್ದ ಯೋಜನೆ ಪೂರ್ತಿ ನಿಂತುಹೋಯಿತು. ಆ ಒಂಬತ್ತು ದಿನ ಮಕ್ಕಳು ಏನು ಮಾಡಿದರು ಎಂದು ರಾತ್ರಿ ಸೀಮೆಎಣ್ಣೆ ದೀಪದಲ್ಲಿ ಬರೆದಿಟ್ಟೆ. ಓದಿ ನೋಡಿದರೆ ಅದಕ್ಕಿಂತ ಹಿಂದಿನ ತಿಂಗಳಿಗಿಂತ ಹೆಚ್ಚು ಕಲಿತಿದ್ದರು. ಅಂದಿನಿಂದ ಬೆಳಗ್ಗೆ ವೇಳಾಪಟ್ಟಿ ಬರೆಯುವುದನ್ನು ಬಿಟ್ಟೆ, ರಾತ್ರಿ ದಿನಚರಿ ಬರೆಯುತ್ತೇನೆ. ನೂರು ಪುಟದ ನೋಟ್ ಪುಸ್ತಕ, ಒಂದೊಂದು ಮಗುವಿಗೆ ಮೂರು ಸಾಲು: ಏನು ಓದಿದರು, ಏನು ಮಾಡಿದರು, ಎಲ್ಲಿ ಸಿಕ್ಕಿಕೊಂಡರು. ಮರುದಿನದ ಪಾಠ ಆ ಮೂರನೇ ಸಾಲಿನಿಂದ ಹುಟ್ಟುತ್ತದೆ.

ಈಗ ದಿನದ ವಿಷಯ. ಆರಕ್ಕೆ ಹಂಡೆಯ ಒಲೆಗೆ ಬೆಂಕಿ. ಏಳೂವರೆಯಿಂದ ಎಂಟರೊಳಗೆ ದೊಡ್ಡವಳು ಕೊಡೆ ಹಿಡಿದು ಅಂಗಳದ ಮಳೆಮಾಪಕ ನೋಡಿ ಬರುತ್ತಾಳೆ. ತೋಟದವರಾದ ನಿಮಗೆ ಗೊತ್ತೇ ಇದೆ, ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಅಳೆಯುತ್ತೇವೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ದಶಮಾಂಶವನ್ನು ನಾನು ಅವಳಿಗೆ ಪುಸ್ತಕದಿಂದ ಕಲಿಸಲೇ ಇಲ್ಲ. ಒಂದು ಇಂಚು ಮೂವತ್ತೈದು ಸೆಂಟ್ ಎಂದರೆ 1.35, ಬರಿಯ ಐದು ಸೆಂಟ್ ಎಂದರೆ 0.05. ಆ ಸೊನ್ನೆ ಏಕೆ ಬೇಕು ಎಂದು ಅವಳಿಗೆ ತಿಳಿದದ್ದು ಒಂದು ದಿನ ಐದು ಸೆಂಟನ್ನು 0.5 ಎಂದು ಬರೆದು, ತಿಂಗಳ ಮೊತ್ತ ಅಜ್ಜನ ಡೈರಿಯ ಮೊತ್ತಕ್ಕೆ ಹೊಂದದೆ ಹೋದಾಗ. ಸಂಜೆಯವರೆಗೂ ತಪ್ಪು ಹುಡುಕಿದಳು. ಈಗ 25.4ರಿಂದ ಗುಣಿಸಿ ಮಿಲಿಮೀಟರ್ ಮಾಡಿ, ಆಕಾಶವಾಣಿ ಮಡಿಕೇರಿಯಲ್ಲಿ ಹೇಳುವ ಮಳೆಗೂ ನಮ್ಮ ಅಂಗಳದ ಮಳೆಗೂ ಎಷ್ಟು ಅಂತರ ಎಂದು ನೋಡುತ್ತಾಳೆ.

ರೊಟ್ಟಿಯೋ ಕಡುಬೋ ತಿಂದು ಒಂಬತ್ತಕ್ಕೆ ಅಡುಗೆಮನೆಯ ಮೇಜಿಗೆ ಬರುತ್ತೇವೆ. ಒಂಬತ್ತರಿಂದ ಹತ್ತೂವರೆವರೆಗೆ ಗಣಿತ, ಕನ್ನಡ. ಇದೊಂದನ್ನು ಮಾತ್ರ ನಾನು ಬಿಡುವುದಿಲ್ಲ. ನೆಂಟರು ಬಂದರೂ, ಹಸು ಕರು ಹಾಕಿದರೂ, ಅರ್ಧ ಗಂಟೆಯಾದರೂ ಕೂರುತ್ತೇವೆ. ಚಿಕ್ಕವನಿಗೆ ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಓಡಾಟ. ನಿಮ್ಮ ಐದು ವರ್ಷದ ಮಗನನ್ನು ಈಗ ಕೂರಿಸಲೇಬೇಡಿ. ಹುಣಸೆ ಬೀಜ ಎಣಿಸಲಿ, ಹಿಟ್ಟಿನಲ್ಲಿ ಬೆರಳಿಂದ ಅಕ್ಷರ ಬರೆಯಲಿ, ಅಷ್ಟು ಸಾಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಅವರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೇ ತಿಂಗಳಲ್ಲೇ ಮಡಿಕೇರಿಯಲ್ಲಿ ಮುದ್ರಿಸಿ, ಬೈಂಡ್ ಮಾಡಿಸಿ ತಂದಿಡುತ್ತೇನೆ. ಮಳೆಗಾಲಕ್ಕೆ ಸೌದೆ ಕೂಡಿಡುವ ಹಾಗೆಯೇ ಇದು.

ಹತ್ತೂವರೆಯ ನಂತರದ ಹೊತ್ತನ್ನು ತೋಟವೇ ನಿರ್ಧರಿಸುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಆಗ ಪಾಠವೆಲ್ಲ ಕಣದಲ್ಲಿ. ಶೇಕಡಾವಾರು ಲೆಕ್ಕವನ್ನು ದೊಡ್ಡವಳು ಕಲಿತದ್ದು ಓ.ಟಿ.ಯಿಂದ. ಐವತ್ತು ಕೆ.ಜಿ. ಚೆರಿ (ಒಣಗಿದ ಕಾಫಿ ಹಣ್ಣು) ಚೀಲದಲ್ಲಿ ಎಷ್ಟು ಕೆ.ಜಿ. ಬೇಳೆ (ಒಳಗಿನ ಬೀಜ) ಬರುತ್ತದೋ ಅದೇ ಓ.ಟಿ., ಅಂದರೆ ಔಟ್‌ಟರ್ನ್, ಅದರ ಮೇಲೆಯೇ ವ್ಯಾಪಾರಿ ಬೆಲೆ ಕಟ್ಟುವುದು. ಅವಳು ಒಣಗಿದ ಚೆರಿ ನೂರು ಗ್ರಾಂ ತೂಗಿ, ಒರಳಿನಲ್ಲಿ ಕುಟ್ಟಿ, ಸಿಪ್ಪೆ ಕೇರಿ, ಬೇಳೆ ತೂಗಿದಳು. ಐವತ್ನಾಲ್ಕು ಗ್ರಾಂ ಬಂತು. ನೂರಕ್ಕೆ ಐವತ್ನಾಲ್ಕಾದರೆ ಐವತ್ತಕ್ಕೆ ಇಪ್ಪತ್ತೇಳು. "ಹಾಗಾದರೆ ನಮ್ಮದು 27 ಓ.ಟಿ." ಎಂದು ಅಪ್ಪನಿಗೆ ಹೇಳಿದಳು. ಒಂದು ಓ.ಟಿ. ಕಡಿಮೆಯಾದರೆ ನಲವತ್ತು ಚೀಲಕ್ಕೆ ನಲವತ್ತು ಕೆ.ಜಿ. ಬೇಳೆ ಹೋಯಿತು ಎಂದು ಅವಳೇ ಲೆಕ್ಕ ಹಾಕಿದ ಮೇಲೆ, ಕಣದಲ್ಲಿ ಹಣ್ಣು ಕೆದಕುವ ಕೆಲಸಕ್ಕೆ ಅವಳನ್ನು ಕರೆಯಬೇಕಾಗಿ ಬರಲಿಲ್ಲ. ಮಾರ್ಚ್‌ನಲ್ಲಿ ಹೂಮಳೆ ಬಿದ್ದ ದಿನದಿಂದ ಹೂ ಅರಳುವವರೆಗೆ ದಿನ ಎಣಿಸುವುದು ಚಿಕ್ಕವನ ಪಾಲು. ಈ ವರ್ಷ ಒಂಬತ್ತು ಎಂದು ಬರೆದಿದ್ದಾನೆ.

ಇನ್ನು ಎರಡು ವಾರಕ್ಕೆ ಆಗಸ್ಟ್ 3, ಆಟಿ ತಿಂಗಳ ಹದಿನೆಂಟನೇ ದಿನ. ಕೊಡವರು ಕಕ್ಕಡ ಪದಿನೆಟ್ಟ್ ಎನ್ನುತ್ತಾರೆ. ಆ ದಿನ ಮದ್ದು ಸೊಪ್ಪು ಎಂಬ ಗಿಡದ ಎಲೆಯಲ್ಲಿ ಹದಿನೆಂಟು ಬಗೆಯ ಮದ್ದು ಸೇರುತ್ತದೆ ಎಂದು ಹಿರಿಯರು ಹೇಳುವ ಮಾತನ್ನು ಮಗಳು ಪರೀಕ್ಷಿಸಲು ಹೊರಟಳು. ಹೋದ ವರ್ಷ ಜುಲೈ 20ರಿಂದ ನಾಲ್ಕು ದಿನಕ್ಕೊಮ್ಮೆ ಸೊಪ್ಪು ಕುದಿಸಿ ಗಾಜಿನ ಲೋಟಗಳಲ್ಲಿ ಸಾಲಾಗಿ ಇಟ್ಟಳು. ಮೊದಲ ಲೋಟ ತಿಳಿ, ಕೊನೆಯದು ಕಡು ನೇರಳೆ. ಹಿಗ್ಗಿ ಹೋದಳು. ಆಗ ಅವಳ ಅಜ್ಜ, "ಎಲ್ಲ ಲೋಟಕ್ಕೂ ಎಲೆ ಒಂದೇ ಲೆಕ್ಕದಲ್ಲಿ ಹಾಕಿದ್ದೆಯಾ?" ಎಂದು ಕೇಳಿದರು. ಎಣಿಸಿರಲಿಲ್ಲ. ಈ ವರ್ಷ ಪ್ರತಿ ಲೋಟಕ್ಕೆ ಇಪ್ಪತ್ತು ಎಲೆ, ಒಂದೇ ಅಳತೆಯ ನೀರು ಎಂದು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ. ವಿಜ್ಞಾನ ಎಂದರೆ ಇದೇ ಅಲ್ಲವೇ?

ಮಧ್ಯಾಹ್ನ ಊಟದ ನಂತರ ನಾನು ಒಂದು ಗಂಟೆ ಗಟ್ಟಿಯಾಗಿ ಓದುತ್ತೇನೆ. ಆದರೆ ಜುಲೈನಲ್ಲಿ ಶೀಟಿನ ಮೇಲೆ ಮಳೆ ಸುರಿಯುವಾಗ ಪಕ್ಕದಲ್ಲಿ ಕೂತವರಿಗೂ ಕೇಳಿಸದು. ಮೊದಲು ಕಿರುಚಿ ಓದಿ ಗಂಟಲು ಕೆಡಿಸಿಕೊಂಡೆ. ಈಗ ಮಳೆ ಜೋರಾದರೆ ಮೂವರೂ ಮೌನವಾಗಿ ಬರೆಯುತ್ತೇವೆ. ಒಬ್ಬರಿಗೊಬ್ಬರು ಚೀಟಿ ಬರೆದು ಮೇಜಿನ ಮೇಲೆ ದೂಡುವುದು. ಚಿಕ್ಕವನಿಗೆ ಒತ್ತಕ್ಷರ ಸರಿಯಾದದ್ದು ಆ ಚೀಟಿಗಳಿಂದಲೇ. "ಅಮ್ಮ ಹಪ್ಪಳ ಬೇಕು" ಎಂಬುದಕ್ಕೆ "ಹಪಳ" ಎಂದು ಬರೆದರೆ ನಾನು ಕೊಡುವುದಿಲ್ಲ.

ಮೂರರ ನಂತರ ಅವರ ಪಾಡಿಗೆ ಅವರು. ಆನೆ ಇದೆ ಎಂದು ಅರಣ್ಯ ಇಲಾಖೆಯವರ ಸಂದೇಶ ಬಂದ ದಿನ ಅಂಗಳ ದಾಟುವಂತಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜನ ಜೊತೆ ಮಗ್ಗಿ. ಒಂಬತ್ತಕ್ಕೆ ನನ್ನ ನೋಟ್ ಪುಸ್ತಕ. ಎಲ್ಲ ಸೇರಿಸಿದರೂ ಪುಸ್ತಕ ಹಿಡಿದು ಕೂರುವುದು ಎರಡೂವರೆ ಗಂಟೆ ದಾಟುವುದಿಲ್ಲ.

ಗದರಿದ್ದಕ್ಕೆ ನೊಂದುಕೊಳ್ಳಬೇಡಿ. ನಾನೂ ಗದರಿದ್ದೇನೆ. ಆ ದಿನಗಳ ದಿನಚರಿಯಲ್ಲಿ ಅದನ್ನೂ ಬರೆದಿದ್ದೇನೆ. ತಿರುವಿ ನೋಡಿದಾಗ ಹೆಚ್ಚಿನವು ನಾನೇ ದಣಿದಿದ್ದ ದಿನಗಳು ಎಂದು ತಿಳಿಯಿತು. ಅಂಥ ದಿನ ಈಗ ಲೆಕ್ಕದ ಪುಸ್ತಕ ತೆರೆಯುವುದೇ ಇಲ್ಲ, ಮಕ್ಕಳೇ ನನಗೆ ಕಥೆ ಓದಿ ಹೇಳುತ್ತಾರೆ.

ನಿವೃತ್ತ ಶಿಕ್ಷಕ, ಸೋಮವಾರಪೇಟೆ ತಾಲ್ಲೂಕು

ಇಬ್ಬರು ತಾಯಂದಿರ ಮಾತನ್ನೂ ಗೌರವದಿಂದ ಓದಿದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿದವನು ನಾನು. ಶಾಲೆ ನನ್ನ ಜೀವ. ಹಾಗಾಗಿ ಮನಸ್ಸಿನಲ್ಲಿರುವುದನ್ನು ಮುಚ್ಚಿಡುವುದಿಲ್ಲ. ಹದಿನಾಲ್ಕು ಮಕ್ಕಳಿರುವ ಊರಿನ ಶಾಲೆಯಿಂದ ಎರಡು ಮಕ್ಕಳು ಹೋದರೆ ಉಳಿದ ಹನ್ನೆರಡು ಮಕ್ಕಳ ಶಾಲೆ ಅಲುಗಾಡುತ್ತದೆ. ಅವರಲ್ಲಿ ಹೆಚ್ಚಿನವರು ಲೈನ್ ಮನೆಗಳ ಮಕ್ಕಳು. ಅವರಿಗೆ ಮನೆಯಲ್ಲಿ ಕಲಿಸುವ ಅನುಕೂಲ ಇಲ್ಲ. ಇದನ್ನು ಯೋಚಿಸಿ ಎಂದು ಕೇಳಿಕೊಳ್ಳುತ್ತೇನೆ.

ಕಾನೂನಿನ ಮಾತೂ ತಿಳಿದಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ. ತೀವ್ರ ಅಂಗವೈಕಲ್ಯ ಇರುವ ಮಕ್ಕಳ ವಿಷಯ ಬಿಟ್ಟರೆ ಮನೆಪಾಠದ ಹೆಸರನ್ನು ಕಾಯ್ದೆ ಎತ್ತುವುದಿಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಇಲಾಖೆಯವರು ಅಥವಾ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮನೆಗೆ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಒಳಗೆ ಕರೆದು ಕಾಫಿ ಕೊಟ್ಟು, ಆ ದಿನಚರಿಯನ್ನೂ ಮಕ್ಕಳ ಬರವಣಿಗೆಯನ್ನೂ ತೋರಿಸಿ. ನಾಳೆ ಮಗಳು ಮರಳಿ ಶಾಲೆಗೆ ಹೋಗುತ್ತೇನೆ ಎಂದರೆ ಅದೇ ಕಾಯ್ದೆಯ 4ನೇ ಸೆಕ್ಷನ್ ಇದೆ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಎರಡನೇ ತರಗತಿಯ ವರ್ಗಾವಣೆ ಪತ್ರ ಜೋಪಾನ.

ಇನ್ನು ಗಂಟೆಗಳ ಪ್ರಶ್ನೆ. ನಾನು ಒಬ್ಬನೇ ನಾಲ್ಕು ತರಗತಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಂಡಿದ್ದೇನೆ. ಒಂದು ಮಗುವಿನ ಪಕ್ಕದಲ್ಲಿ ದಿನಕ್ಕೆ ಹತ್ತು ನಿಮಿಷ ಕೂರಲು ಸಿಕ್ಕರೆ ಅದು ನನ್ನ ಭಾಗ್ಯ. ತಾಯಿ ಒಂದೂವರೆ ಗಂಟೆ ಪಕ್ಕದಲ್ಲಿ ಕೂರುತ್ತಾಳೆ ಎಂದರೆ ಅದು ಕಡಿಮೆಯಲ್ಲ. ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದು ತಿಳಿಯದೆ ಅಳುವುದು ನಾನು ಪ್ರತಿ ವರ್ಷ ನೋಡಿದ್ದು. ಹುಣಸೆ ಬೀಜ ಬಿಡಿಯಾಗಿ, ಹತ್ತು ಬೀಜದ ಪೊಟ್ಟಣಗಳನ್ನು ಬೇರೆಯಾಗಿ ಇಡಿ. 42ರಲ್ಲಿ 17 ಕಳೆಯಲು ಎರಡು ಬಿಡಿ ಬೀಜ ಸಾಲದು, ಒಂದು ಪೊಟ್ಟಣ ಬಿಚ್ಚಲೇಬೇಕು. ಅವಳ ಕೈಯಿಂದಲೇ ಬಿಚ್ಚಿಸಿ. ಪುಸ್ತಕದಲ್ಲಿ 4 ಹೊಡೆದು 3 ಬರೆಯುವುದು ಆಮೇಲೆ.

ಸಿದ್ದಾಪುರ ಕಡೆಯ ತಂದೆ

ಮುಂದೆ ಪರೀಕ್ಷೆ ಹೇಗೆ ಎಂಬ ಚಿಂತೆ ಹುಟ್ಟುವುದು ಸಹಜ, ನಮ್ಮ ಅನುಭವ ಹೇಳುತ್ತೇನೆ. ಮಗ ಎನ್.ಐ.ಓ.ಎಸ್. (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಮೂಲಕ ಹತ್ತನೇ ತರಗತಿ ಮುಗಿಸಿದ. ಹದಿನಾಲ್ಕು ತುಂಬಿದವರು ಸೇರಬಹುದು. ಐದು ವಿಷಯ ಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ತೇರ್ಗಡೆಗೆ ಶೇಕಡಾ 33. ಸೇರಿದ ಮೇಲೆ ಐದು ವರ್ಷದಲ್ಲಿ ಒಂಬತ್ತು ಅವಕಾಶ. ಒಂದು ಬಾರಿಗೆ ಎರಡೇ ವಿಷಯ ಬರೆದರೂ ಅದು ಜಮೆಯಾಗಿ ಉಳಿಯುತ್ತದೆ. ನಮ್ಮ ರಾಜ್ಯದ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ.

ನಾವು ಎಡವಿದ್ದು ಪಾಠದಲ್ಲಲ್ಲ, ಬರೆಯುವುದರಲ್ಲಿ. ವಿಷಯವೆಲ್ಲ ಗೊತ್ತಿತ್ತು, ಆದರೆ ಮೂರು ಗಂಟೆ ಒಂದೇ ಕಡೆ ಕೂತು ಬರೆದ ಅಭ್ಯಾಸ ಅವನಿಗೆ ಇರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಕೈ ಸೋತು ಎರಡು ಪ್ರಶ್ನೆ ಬಿಟ್ಟು ಬಂದ. ನಿಮ್ಮ ಮಕ್ಕಳು ಚಿಕ್ಕವರು, ಈಗ ಅದರ ಗೊಡವೆ ಬೇಡ. ಹನ್ನೆರಡು ದಾಟಿದ ಮೇಲೆ ವಾರಕ್ಕೊಮ್ಮೆ ಗಡಿಯಾರ ಇಟ್ಟು ಬರೆಸಿ.

ಮಾದಾಪುರ ಕಡೆಯ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರೇ, ನಿಮ್ಮ ಮಾತು ನಾಟಿತು. ಬಸ್ಸು ತೋಟದ ಗೇಟಿನವರೆಗೆ ಬಂದಿದ್ದರೆ ಮಗಳು ಇಂದಿಗೂ ಶಾಲೆಯಲ್ಲೇ ಇರುತ್ತಿದ್ದಳು. ಇವತ್ತು ಬೀಜದ ಪೊಟ್ಟಣ ಮಾಡಿದೆವು. ಮೂರನೇ ಲೆಕ್ಕಕ್ಕೆ ಅವಳು ನಾನು ಹೇಳುವ ಮುಂಚೆಯೇ ಪೊಟ್ಟಣ ಬಿಚ್ಚಿದಳು. ಪಕ್ಕದ ಲೈನಿನ ಇಬ್ಬರು ಮಕ್ಕಳು ರಜೆಯ ದಿನ ನಮ್ಮ ಜಗಲಿಗೆ ಬರುತ್ತಾರೆ, ಅವರನ್ನೂ ಕೂರಿಸಿಕೊಳ್ಳಬೇಕು ಎಂದುಕೊಂಡಿದ್ದೇನೆ.

ಭಾಗಮಂಡಲದ ಅಕ್ಕ, ಇನ್ನೊಂದು ಕೇಳಬೇಕಿತ್ತು. ಮಗಳು ತನ್ನ ಹಳೆಯ ಗೆಳತಿಯನ್ನು ನೆನೆಸಿಕೊಂಡು ರಾತ್ರಿ ಸಪ್ಪೆಯಾಗುತ್ತಾಳೆ. ನಿಮ್ಮ ಮಕ್ಕಳಿಗೆ ಒಂಟಿತನ ಕಾಡಲಿಲ್ಲವೇ? ಮತ್ತೆ, ಆ ಮಳೆಮಾಪಕ ಎಲ್ಲಿ ಸಿಗುತ್ತದೆ?

ಭಾಗಮಂಡಲ ಹತ್ತಿರದ ಅಮ್ಮ

ಕಾಡಿತು, ಈಗಲೂ ಕಾಡುತ್ತದೆ. ದೊಡ್ಡವಳು ಒಂಬತ್ತು ವರ್ಷದವಳಾಗಿದ್ದಾಗ "ನನ್ನ ಹೆಸರು ಕರೆಯುವವರು ಮನೆಯವರು ಮಾತ್ರ" ಎಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಪಾಠದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ. ಲೆಕ್ಕ, ಕನ್ನಡ ಹೇಗೋ ಆಗುತ್ತದೆ, ಗೆಳೆತನವನ್ನು ತಾಯಿ ಕಲಿಸಲಾರಳು. ಈಗ ನಾವು ಮೂರು ಮನೆಯವರು ತಿಂಗಳಿಗೆ ಎರಡು ಶುಕ್ರವಾರ ಮಡಿಕೇರಿ ಸಂತೆಗೆ ಒಟ್ಟಿಗೆ ಹೋಗುತ್ತೇವೆ. ಮಕ್ಕಳ ಕೈಯಲ್ಲಿ ಚೀಟಿ, ನೂರು ರೂಪಾಯಿ. ತರಕಾರಿ ಕೊಳ್ಳುವುದು, ಚಿಲ್ಲರೆ ಎಣಿಸುವುದು ಅವರದೇ. ಆಮೇಲೆ ಮಳೆ ಬಿಟ್ಟಿದ್ದರೆ ರಾಜಾಸೀಟ್‌ನಲ್ಲಿ ಓಡಾಟ, ಮಳೆ ಹಿಡಿದರೆ ಕೋಟೆಯ ಒಳಗಿನ ಮ್ಯೂಸಿಯಂ. ಅಲ್ಲಿನ ವೀರಗಲ್ಲುಗಳ ಚಿತ್ರ ಬರೆದು ಬರೆದು ನಮ್ಮ ಮಕ್ಕಳಿಗೆ ಬಾಯಿಪಾಠವಾಗಿದೆ. ನಿಮ್ಮ ಮಗಳ ಗೆಳತಿಯ ಮನೆಯವರಿಗೆ ಫೋನ್ ಮಾಡಿ, ಒಂದು ಭಾನುವಾರ ಪೂರ್ತಿ ಅವಳನ್ನು ಕರೆಸಿಕೊಳ್ಳಿ. ಲೈನಿನ ಮಕ್ಕಳನ್ನು ಖಂಡಿತ ಕೂರಿಸಿಕೊಳ್ಳಿ. ನಿಮ್ಮ ಮಗಳು ಅವರಿಗೆ ಓದಿ ಹೇಳಲಿ.

ಮಳೆಮಾಪಕ ತೋಟದ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಇಂಚು, ಸೆಂಟ್ ಗುರುತಿರುವುದನ್ನೇ ಕೇಳಿ. ಮರದ ಹನಿ ಬೀಳದ ಬಯಲಲ್ಲಿ ಇಡಿ. ನಿಮ್ಮ ತೋಟದ ಆಫೀಸಿನಲ್ಲಿ ಹಳೆಯ ಮಳೆ ಪುಸ್ತಕ ಇದ್ದೇ ಇರುತ್ತದೆ. ಮಗಳು ಹುಟ್ಟಿದ ದಿನ ಎಷ್ಟು ಸೆಂಟ್ ಬಿದ್ದಿತ್ತು ಎಂದು ಅವಳ ಅಪ್ಪನಿಂದ ಬರೆಸಿ ತರಿಸಿ. ನಮ್ಮವಳು ಹುಟ್ಟಿದ ದಿನ ನಾಲ್ಕು ಇಂಚು ಹನ್ನೆರಡು ಸೆಂಟ್. ತನ್ನ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಅದನ್ನೇ ಬರೆದಿದ್ದಾಳೆ.